ಹನ್ನೊಂದು ಹತ್ತಕ್ಕೆ ಹೋಗುವ ಲೈನು

ದೀಪ ಉರಿಯುತ್ತಿರಲಿ, ಆರಿಸಬೇಡಿ. ಇದು ಅವರಿವರಿಗೆ ಆದದ್ದಲ್ಲ, ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ರಾತ್ರಿ ಹನ್ನೊಂದು ದಾಟಿತ್ತು. ಅಣ್ಣ ಕೆಲಸ ಮುಗಿಸಿ ನಡೆದು ಬರುತ್ತಿದ್ದ. ಅವರ ಗಲ್ಲಿಯ ತಿರುವಿನಲ್ಲಿ ಒಂದು ಹಾಳು ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಅದರ ಪಕ್ಕ ಬಂದದ್ದೇ... ಜೇಬಿನಲ್ಲಿದ್ದ ಫೋನು ‘ಟಿಣ್’ ಅಂದಿತು. ತೆಗೆದು ನೋಡಿದ. ಮನೆಯ ವೈಫೈ ಸಿಕ್ಕಿದೆ. ಗೆರೆ ಪೂರ್ತಿ ತುಂಬಿದೆ.

ಇದರಲ್ಲಿ ಹೆದರೋದೇನು ಬಂತು ಅಂತೀರಾ? ತಾಳಿ. ಬಾವಿಯಿಂದ ಮನೆಗೆ ಮುನ್ನೂರು ಹೆಜ್ಜೆ. ಆ ವೈಫೈ ಅವರ ಮನೆಯ ಬಚ್ಚಲಿಗೇ ನೆಟ್ಟಗೆ ಸಿಗುವುದಿಲ್ಲ. ಇದು ಅಣ್ಣನಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು? ಅವನ ಕಸುಬೇ ಅದು. ಮನೆಮನೆಗೆ ಇಂಟರ್ನೆಟ್ ಲೈನು ಎಳೆಯುವುದು, ಕೆಟ್ಟರೆ ಸರಿ ಮಾಡುವುದು. ಊರೆಲ್ಲ ಅವನನ್ನು ಲೈನಣ್ಣ ಅಂತಲೇ ಕರೆಯುತ್ತದೆ.

ಅಷ್ಟರಲ್ಲಿ ಆಸ್ಪತ್ರೆಯ ನರ್ಸಮ್ಮನ ಫೋನು.

“ಅಣ್ಣಾ, ಲೈನ್ ಮತ್ತೆ ಹೋಯ್ತು. ನನಗಿಲ್ಲಿ ಏನೂ ಕಾಣಿಸ್ತಿಲ್ಲ. ಬೇಗ ಹೋಗಿ ನೋಡಿ...”

ಎದ್ದೆನೋ ಬಿದ್ದೆನೋ ಅಂತ ಓಡಿದ.

ಅತ್ತಿಗೆಗೆ ಎದೆಯ ಕಾಯಿಲೆ. ರಾತ್ರಿಯೆಲ್ಲ ಮೂಗಿಗೆ ಆಕ್ಸಿಜನ್ ಕೊಳವೆ ಇರಬೇಕು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿಲ್ಲ ಅಂತ ಬೆರಳಿಗೆ ಒಂದು ಕ್ಲಿಪ್ಪು, ತಲೆಗಿಂಬಿನ ಹತ್ತಿರ ಒಂದು ಪುಟ್ಟ ಡಬ್ಬಿ ಕೊಟ್ಟು ಕಳಿಸಿದ್ದರು. ಉಸಿರಿನ ಲೆಕ್ಕ ಆ ಡಬ್ಬಿಯಿಂದ ವೈಫೈ ಹಿಡಿದು ನರ್ಸಮ್ಮನ ಮುಂದೆ ಹೋಗುತ್ತಿತ್ತು. ಅಂಕಿ ತೊಂಬತ್ತಕ್ಕಿಂತ ಇಳಿದರೆ ಆಕೆ ಫೋನ್ ಮಾಡುತ್ತಾಳೆ, ಜಾರಿದ ಕೊಳವೆಯನ್ನು ಅಣ್ಣ ಸರಿ ಮಾಡುತ್ತಾನೆ. ಅತ್ತಿಗೆಗೆ ನಿದ್ದೆ ಮಾತ್ರೆಯ ಮಂಪರು, ತಾನಾಗಿ ಏಳುವ ಹಾಗಿಲ್ಲ. ಲೈನು ಹೋಯಿತು ಅಂದರೆ ಕಾಯುವವರೇ ಇಲ್ಲ.

ಅಂಥ ಲೈನು ಆ ವಾರವೆಲ್ಲ ದಿನಾ ರಾತ್ರಿ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಹೋಗುತ್ತಿತ್ತು. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ. ಮತ್ತೆ ಬರುತ್ತಿದ್ದದ್ದು ಒಂದು ತಾಸು ಕಳೆದ ಮೇಲೆ.

ಅಣ್ಣ ಮಾಡದ ಕೆಲಸ ಉಳಿಯಲಿಲ್ಲ. ರೂಟರ್ ಆರಿಸಿ ಹಚ್ಚಿದ. ವೈರು ಬದಲಿಸಿದ. ರೂಟರನ್ನು ಅಟ್ಟದಿಂದ ಇಳಿಸಿ ಅತ್ತಿಗೆಯ ಕಾಲ ಬುಡದಲ್ಲೇ ಇಟ್ಟ. ಆಫೀಸಿನಿಂದ ಹೊಸ ರೂಟರೇ ತಂದು ಕೂಡಿಸಿದ. ಹನ್ನೊಂದು ಹತ್ತಕ್ಕೆ ಸರಿಯಾಗಿ ‘ಚಿಕ್’ ಅಂತ ಹಸಿರು ದೀಪ ಆರಿ ಕೆಂಪು ಹತ್ತಿತು. ಹಾಳಾಗಲಿ ಅಂತ ಡಬ್ಬಿಯನ್ನು ತನ್ನ ಫೋನಿನ ನೆಟ್‌ಗೆ ಸೇರಿಸಿದ. ಅದೂ ಹನ್ನೊಂದು ಹತ್ತಕ್ಕೇ ಬಿಟ್ಟುಹೋಯಿತು.

ಆಫೀಸಿನವನು ನಕ್ಕ. “ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ನಮ್ ಕಡೆಯಿಂದ ಎಲ್ಲ ಸರಿ ಇದೆ ಮಾರಾಯ, ನಿನ್ನ ಲೈನ್ ನೀನೇ ನೋಡ್ಕೋ.”

ನಗುವವರಿಗೇನು. ಅಣ್ಣ ಐದು ರಾತ್ರಿ ಕಣ್ಣು ಮುಚ್ಚದೆ ಅವಳ ಬೆರಳು ಹಿಡಿದು ಕೂತ. ಆರನೇ ರಾತ್ರಿ ಗೋಡೆಗೆ ಒರಗಿದವನಿಗೆ ಜೋಂಪು ಹತ್ತಿತು. ಎಚ್ಚರಾದಾಗ ಕೊಳವೆ ಹಾಸಿಗೆಯ ಮೇಲೆ ‘ಸುಸ್...’ ಅಂತ ಗಾಳಿ ಬಿಡುತ್ತಾ ಬಿದ್ದಿತ್ತು. ಅತ್ತಿಗೆಯ ತುಟಿ ನೀಲಿ. ಇನ್ನು ಹತ್ತು ನಿಮಿಷ ಮಲಗಿದ್ದರೆ... ಆ ಮಾತನ್ನು ಅವನು ಇವತ್ತಿಗೂ ಪೂರ್ತಿ ಹೇಳುವುದಿಲ್ಲ. ಆ ರಾತ್ರಿ ಬಚ್ಚಲಿಗೆ ಹೋಗಿ, ಅವಳಿಗೆ ಕೇಳಿಸದ ಹಾಗೆ ನಲ್ಲಿ ಬಿಟ್ಟುಕೊಂಡು ಅತ್ತನಂತೆ.

ಏಳನೇ ದಿನ ರಜೆ ಹಾಕಿ ಮನೆಯಲ್ಲೇ ಉಳಿದ. ಪಾಸ್‌ವರ್ಡ್ ಬದಲಿಸಿದ. ಅತ್ತಿಗೆಗೂ ಹೇಳಲಿಲ್ಲ, ಚೀಟಿಯಲ್ಲೂ ಬರೆಯಲಿಲ್ಲ. ಆಮೇಲೆ ರೂಟರಿಗೆ ಯಾರ‍್ಯಾರು ಸೇರಿದ್ದಾರೆ ಅನ್ನುವ ಪಟ್ಟಿಯನ್ನು ಫೋನಿನಲ್ಲಿ ತೆರೆದು ಕೂತ. ಅವನ ಫೋನು, ಅವಳ ಫೋನು, ಡಬ್ಬಿ. ಮೂರೇ.

ಹನ್ನೊಂದು ಒಂಬತ್ತು...

ಹನ್ನೊಂದು ಹತ್ತು. ಪಟ್ಟಿಯ ಕೊನೆಗೆ ನಾಲ್ಕನೆಯ ಸಾಲು ಬಂತು. ಅದಕ್ಕೆ ಹೆಸರಿಲ್ಲ. ಅದು ಬಂದದ್ದೇ ಡಬ್ಬಿ ಪಟ್ಟಿಯಿಂದ ಹೋಯಿತು.

ಅಣ್ಣನ ಮೈ ಬಿಸಿಯಾಯಿತು. ಯಾವನೋ ಕಳ್ಳ ನನ್ನ ಹೆಂಡತಿಯ ಉಸಿರು ಕದೀತಿದ್ದಾನೆ, ಇವತ್ತು ಅವನಿರಬೇಕು ಇಲ್ಲಾ ನಾನಿರಬೇಕು ಅಂದುಕೊಂಡ. ಅತ್ತಿಗೆಯ ಕೊಳವೆ ಸರಿಯಾಗಿದೆಯೋ ಅಂತ ಎರಡು ಸಲ ನೋಡಿ, ಹೊರಗಿನಿಂದ ಬೀಗ ಹಾಕಿ, ಸಿಗ್ನಲ್ ಗೆರೆ ನೋಡುತ್ತಾ ಹೊರಟ. ಹತ್ತೇ ನಿಮಿಷ, ಹೋಗಿ ಬಂದುಬಿಡ್ತೀನಿ ಅಂತ ಲೆಕ್ಕ.

ಮನೆಯಿಂದ ದೂರ ಹೋದಂತೆ ಗೆರೆ ಇಳಿಯಬೇಕು. ಇಳಿಯಿತು. ನೂರು ಹೆಜ್ಜೆಗೆ ಪೂರಾ ಹೋಯಿತು. ಆಮೇಲೆ... ಏರತೊಡಗಿತು. ಒಂದು. ಎರಡು. ಮೂರು. ಬಾವಿಯ ಕಟ್ಟೆಗೆ ಬಂದಾಗ ಪೂರ್ತಿ.

ಗಲ್ಲಿಯಲ್ಲಿ ನರಪಿಳ್ಳೆ ಇಲ್ಲ. ಕೈಯಲ್ಲಿದ್ದ ಫೋನು ‘ಗುರ‍್ರ್... ಗುರ‍್ರ್...’ ಅಂತ ನಡುಗಿತು. ಕರೆ ಬರುತ್ತಿದೆ, ನಂಬರ್ ಇಲ್ಲ. ಕಿವಿಗೆ ಹಿಡಿದ. ಆ ಕಡೆ ಮಳೆಯ ಸದ್ದು. ಪ್ಲಾಸ್ಟಿಕ್ಕಿನ ಮೇಲೆ ಹನಿ ಬೀಳುವ ಸದ್ದು, ‘ತಟ್... ತಟ್... ತಟ್...’ ಈ ಕಡೆ ನೆಲ ಒಣಗಿ ಧೂಳು ಏಳುತ್ತಿದೆ. ಮಳೆ ನೋಡಿ ಎರಡು ತಿಂಗಳಾಗಿತ್ತು.

ಆಮೇಲೆ ಪಿಸುದನಿ. “ಬಂತೇನೋ, ಮರಿ?”

ಅಣ್ಣನನ್ನು ಮರಿ ಅಂತ ಕರೆಯುತ್ತಿದ್ದವರು ಒಬ್ಬರೇ.

ಏಣಿ ಮಾವ. ಅಣ್ಣನಿಗೆ ಕೆಲಸ ಕಲಿಸಿದ ಹಿರಿಯ. ಅವರ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಒಬ್ಬ ಕಂಬ ಹತ್ತಿ ವೈರು ಕೂಡಿಸುತ್ತಾನೆ, ಇನ್ನೊಬ್ಬ ಆಫೀಸಿನಲ್ಲಿ ಪರದೆ ನೋಡುತ್ತಾನೆ. ಮೇಲಿನವನು ಫೋನಿನಲ್ಲಿ “ಬಂತಾ?” ಅನ್ನಬೇಕು. ಕೆಳಗಿನವನು “ಬಂತು, ಇಳಿ” ಅನ್ನಬೇಕು. ಆ ಮಾತು ಬರುವವರೆಗೆ ಮೇಲಿನವನು ಇಳಿಯುವ ಹಾಗಿಲ್ಲ. ಬೇರೆಯವರು ಇದನ್ನು ಗಾಳಿಗೆ ತೂರಿದರೂ ಮಾವ ಬಿಟ್ಟವರಲ್ಲ. ಹೋದ ಮಳೆಗಾಲ, ಈ ಬಾವಿಯ ಪಕ್ಕದ ಕಂಬದ ಮೇಲೆ ಮಾವ, ಪರದೆಯ ಮುಂದೆ ಅಣ್ಣ. ಹನ್ನೊಂದಕ್ಕೆ ಪಕ್ಕದ ಮನೆಯವರು ಫೋನ್ ಮಾಡಿ, ನಿನ್ನ ಹೆಂಡತಿಗೆ ಉಸಿರು ಸಿಗ್ತಿಲ್ಲ ಅಂದರು. ಅವಳಿಗೆ ಕಾಯಿಲೆ ಶುರುವಾದದ್ದೇ ಅವತ್ತು. ಅಣ್ಣ ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಿದ. ಹನ್ನೊಂದು ಹತ್ತಕ್ಕೆ ಮಾವನ ಮೊದಲ ಕರೆ. ಆಮೇಲೆ ಇನ್ನೂ ಹದಿನಾಲ್ಕು. ಒಂದನ್ನೂ ಅವನು ಎತ್ತಲಿಲ್ಲ. ಮಾವ ಮಳೆಯಲ್ಲಿ ಗಂಟೆಗಟ್ಟಲೆ ಕಾದಿರಬೇಕು, ಕಾಲು ಮರಗಟ್ಟಿರಬೇಕು... ಬೆಳಗ್ಗೆ ಬಾವಿಯಲ್ಲಿ ಸಿಕ್ಕರು. ಆಮೇಲೆ ಊರಿನವರು ಆ ಕಂಬ ಕಿತ್ತು ಹಾಕಿದರು, ಬಾವಿಗೆ ಜಾಲರಿ ಹಾಕಿದರು. ಅಣ್ಣ ಆ ಹದಿನೈದು ಕರೆಗಳನ್ನು ಅಳಿಸಿಬಿಟ್ಟ. ಯಾರಿಗೂ ಬಾಯಿಬಿಡಲಿಲ್ಲ.

“ಬಂತೇನೋ, ಮರಿ? ಕೈ ಸೋತುಹೋಗಿದೆ ಕಣೋ...”

ಅಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದ. “ತಪ್ಪಾಯ್ತು ಮಾವ,” ಅಂದ. “ಅವತ್ತು ಅವಳಿಗೆ ಹುಷಾರಿರ್ಲಿಲ್ಲ... ಮಾವ... ಬಂತು. ಬಂತು ಮಾವ, ಇಳೀರಿ...”

ಮಳೆಯ ಸದ್ದು ನಿಂತಿತು. ಫೋನು ಸತ್ತುಹೋಯಿತು.

ಆಮೇಲೆ ತಲೆಯ ಮೇಲೆ, ಕಂಬವೇ ಇಲ್ಲದ ಜಾಗದಲ್ಲಿ, ‘ಠಣ್...’ ಕಬ್ಬಿಣಕ್ಕೆ ಬೂಟು ತಾಗಿದ ಸದ್ದು. ‘ಠಣ್... ಠಣ್...’ ಒಂದೊಂದೇ ಮೆಟ್ಟಿಲು. ಕೊನೆಗೆ ಅಣ್ಣನ ಪಕ್ಕದಲ್ಲೇ ಧೂಳಿನಲ್ಲಿ ‘ದಪ್’. ಒದ್ದೆ ಬೂಟಿನ ಸದ್ದು, ‘ಪಚಕ್... ಪಚಕ್...’ ಅವನನ್ನು ದಾಟಿ ಮುಂದೆ ಹೋಯಿತು. ಅವನ ಮನೆಯ ಕಡೆಗೆ.

ಅಲ್ಲಿ ಅವಳೊಬ್ಬಳೇ ಇದ್ದಾಳೆ. ಓಡಲು ಹೋಗಿ ಮುಗ್ಗರಿಸಿ ಬಿದ್ದ. “ಮಾವ, ಅವಳಿಗೇನೂ ಮಾಡಬೇಡಿ, ತಪ್ಪು ನಂದು... ನನ್ನನ್ನ ಕರ್ಕೊಂಡು ಹೋಗಿ...” ಅಂತ ನೆಲದ ಮೇಲೆ ಅಂಬೆಗಾಲಿಟ್ಟ. ಎಷ್ಟು ಹೊತ್ತಾಯಿತೋ, ಹೇಗೋ ಎದ್ದ, ಬಿದ್ದ, ಓಡಿದ. ಬಾಗಿಲಿಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಬೀಗದ ಕೈ ಎರಡು ಸಲ ಕೆಳಗೆ ಬಿತ್ತು.

ಒಳಗೆ ರೂಟರಿನ ದೀಪ ಹಸಿರು. ಅತ್ತಿಗೆ ಮಲಗಿದ್ದಳು. ಕೊಳವೆ ಮೂಗಿನಲ್ಲಿ. ಡಬ್ಬಿಯ ಮೇಲೆ ತೊಂಬತ್ತಾರು.

ಅತ್ತಿಗೆಯ ಫೋನು ಬಡಿದುಕೊಂಡಿತು. ನರ್ಸಮ್ಮ.

“ಅಣ್ಣಾ, ಈಗ ಹೇಗಿದ್ದಾರೆ? ಆಗ ಲೈನ್ ಬಂದ ತಕ್ಷಣ ನೋಡ್ತೀನಿ, ಎಪ್ಪತ್ತೊಂಬತ್ತು! ನಿಮ್ಮ ಫೋನು ಸತ್ತಿತ್ತು, ಅವರದಕ್ಕೆ ಮಾಡ್ದೆ. ಪುಣ್ಯಕ್ಕೆ ನಿಮ್ಮ ಮನೆ ಹಿರಿಯರು ಎತ್ತಿದ್ರು.”

“ಯಾರು...?”

“ಅದೇ, ವಯಸ್ಸಾದವರು. ಕೊಳವೆ ಜಾರಿದೆ ನೋಡಿ ಅಂದೆ, ಸರಿ ಮಾಡಿದ್ರು. ತಲೆ ಎತ್ತರಕ್ಕಿಡಿ ಅಂದೆ, ಏನೋ ಇಟ್ಟೆ ಅಂದ್ರು. ಇನ್ನು ಫೋನ್ ಇಡಿ ಅಂದ್ರೂ ಕೇಳ್ಲಿಲ್ಲ ನೋಡಿ. ತೊಂಬತ್ತೈದು ಆಯ್ತು ಅಂತ ನಾನು ಹೇಳೋವರೆಗೂ ಹಿಡ್ಕೊಂಡೇ ಇದ್ರು.”

ಅಣ್ಣ ಮೆಲ್ಲಗೆ ತಲೆಗಿಂಬು ಎತ್ತಿದ. ಕೆಳಗೆ ಆಫೀಸಿನವರು ಕೊಡುವ ಹಳದಿ ಮಳೆಕೋಟು. ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದರು. ಅಣ್ಣನದು ಆಫೀಸಿನಲ್ಲೇ ಇತ್ತು.

ಆ ಲೈನು ಮತ್ತೆ ಒಂದು ದಿನವೂ ಹೋಗಲಿಲ್ಲ. ಅತ್ತಿಗೆ ಈಗ ಎದ್ದು ಓಡಾಡುತ್ತಾಳೆ. ಕೋಟು ಯಾರದು ಅಂತ ಅಣ್ಣ ಅವಳಿಗೆ ಹೇಳಿಲ್ಲ. ಅದಿಲ್ಲದೆ ನಿದ್ದೆ ಬರೋಲ್ಲ ಅಂತ ಅವಳು ಇವತ್ತಿಗೂ ಅದನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಾಳೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹೋದ ವಾರ ಹೋದಾಗ ನಾನೇ ಮುಟ್ಟಿ ನೋಡಿದೆ. ಮಡಿಕೆಯ ಒಳಗಡೆ ಇನ್ನೂ ಒದ್ದೆ ಇದೆ.