ಮಣ್ಣು ಮುಚ್ಚದ ಪಟ್ಟೆ ಗುಲಾಬಿ

ಅಮೆರಿಕದ ಚಳಿಯೂರು ಡುಲೂತ್‌ನ ಸಸಿ ನರ್ಸರಿಯಲ್ಲಿ ಮೇ ತಿಂಗಳ ಸರತಿ ಸಾಲು. ನನ್ನ ಮುಂದೆ ಮಾರ್ಲಿಸ್ ಎಂಬಾಕೆ ಮತ್ತು ಅವಳ ತಮ್ಮ ವರ್ನ್. ಅವನ ತೋಳಿನಲ್ಲಿ ಕೆಂಪು-ಬಿಳಿ ಪಟ್ಟೆಯ ಹಬ್ಬುಗುಲಾಬಿಯ ಕುಂಡ.

“ಚಳಿಗೆ ಮುಂಚೆ ಅಪ್ಪ ನೆಟ್ಟ ಗುಲಾಬಿ ಬಳ್ಳೀನ ಬಗ್ಗಿಸಿ ಮಣ್ಣಲ್ಲಿ ಮುಚ್ಚು ಅಂತ ಅಮ್ಮ ಆಸ್ಪತ್ರೆ ಸೇರೋವಾಗ್ಲೇ ಹೇಳಿದ್ಲಲ್ಲೋ.”

“ಎಲೆ ಹೊದಿಸಿದ್ದೆ ಅಕ್ಕ. ಮೇಲೆ ಹಿಮ ಬೀಳುತ್ತಲ್ಲ, ಸಾಕು ಅಂದ್ಕೊಂಡೆ.”

“ಮಹಾ ತೋಟಗಾರ!”

“ಚಿಗುರು ನೋಡಿ ಬದುಕ್ತು ಅಂತ ಅಮ್ಮಂಗೆ ಫೋನಲ್ಲಿ ಹೇಳ್ಬಿಟ್ಟೆ. ಎಷ್ಟು ಖುಷಿಪಟ್ಲು ಗೊತ್ತಾ?”

“ಅದು ಕಸಿಯ ಕೆಳಗಿನ ಕಾಡುಬೇರಿನ ಚಿಗುರು ಕಣೋ. ಬರೀ ಕೆಂಪು ಹೂ ಬಿಡುತ್ತೆ. ಅಪ್ಪ ನೆಟ್ಟಿದ್ದು ಸತ್ತೋಯ್ತು.”

“ಅದಕ್ಕೇ ಇದನ್ನ ಆ ಜಾಗದಲ್ಲಿ ನೆಟ್ಬಿಡ್ತೀನಿ.”

“ಅದರ ಬುಡ ಅಮ್ಮನ ಮಣಿಕಟ್ಟಿನಷ್ಟು ದಪ್ಪ ಇತ್ತು. ಇದು ಪೆನ್ಸಿಲ್ಲು.”

“ಆ ಕಾಡುಚಿಗುರು ಹೂ ಬಿಡೋದು ಜುಲೈಗೆ. ಅಲ್ಲೀವರೆಗೆ ಸುಮ್ನಿದ್ರೆ?”

“ಅಲ್ಲೀವರೆಗೆ ಅಮ್ಮ ಇರಲ್ಲ ಅಂತ ಲೆಕ್ಕ ಹಾಕಿದ್ದೀಯಾ?”

ವರ್ನ್ ಕುಂಡವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡ.

“ಹೇಳಿದ್ರೆ ಬಯ್ತಾಳೆ.”

“ಬಯ್ಯೋಷ್ಟು ಉಸಿರಿದ್ರೆ ನಮ್ಮ ಪುಣ್ಯ. ನಡಿ, ಆಸ್ಪತ್ರೆಗೆ.”

ಅಷ್ಟರಲ್ಲಿ ಅವರ ಸರದಿಯೇ ಬಂದಿತ್ತು. ಇಬ್ಬರೂ ಸಾಲು ಬಿಟ್ಟು ಹೊರಟರು. ಕುಂಡ ಕೌಂಟರಿನ ಮೇಲೆ ಉಳಿಯಿತು.