ಅಕ್ಕನ ಕಿಡ್ನಿ

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಗೆ ಕಾದಿದ್ದ ದರ್ಜಿಯ ಪಕ್ಕದಲ್ಲೇ ನಡುವಯಸ್ಸಿನ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ಕಿಡ್ನಿಯನ್ನು ತಮ್ಮನಿಗೆ ಹಾಕಿ ಆರು ತಿಂಗಳಾಗಿದೆಯೆಂದು ಅವರ ಮಾತಿನಿಂದಲೇ ತಿಳಿಯಿತು.

“ರಕ್ತದಲ್ಲಿ ವೈರಸ್ ಏರಿದೆ ಅಂತ ತಾನೇ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ಕಮ್ಮಿ ಮಾಡಿದ್ದು? ಮತ್ಯಾಕೋ ಭಯ?”

“ತೀರಾ ಕಮ್ಮಿಯಾದ್ರೆ ನನ್ನ ಮೈ ನಿನ್ನ ಕಿಡ್ನೀನೇ ಒದ್ದು ಓಡಿಸುತ್ತಂತೆ. ಅದಕ್ಕೇ ವಾರವಾರ ರಕ್ತ ನೋಡ್ತಾರೆ.”

“ಚಿಕ್ಕವನಿದ್ದಾಗ್ಲೂ ಅಷ್ಟೆ. ನಿದ್ದೇಲಿ ಒದ್ದು ನನ್ನನ್ನ ಮಂಚದಿಂದ ಕೆಡವ್ತಿದ್ದೆ.”

“ಬೆಳಿಗ್ಗೆ ನೋಡಿದ್ರೆ ಮತ್ತೆ ಪಕ್ಕದಲ್ಲೇ ಇರ್ತಿದ್ದೆ ನೀನು.”

“ಇನ್ನೆಲ್ಲಿಗೆ ಹೋಗ್ಲಿ? ಇದ್ದಿದ್ದೇ ಒಂದು ಮಂಚ.”

ನರ್ಸ್ ಬಾಗಿಲು ತೆರೆದರು. “ವೈರಸ್ ಇಳಿದಿದೆ. ಕಿಡ್ನೀನೂ ಚೆನ್ನಾಗಿದೆ. ಡಾಕ್ಟ್ರು ಕರೀತಿದಾರೆ, ಬನ್ನಿ.”

ಅಕ್ಕನ ಕೈ ಹಿಡಿದು ತಮ್ಮ ಎದ್ದ. ಇಬ್ಬರೂ ಒಳಗೆ ಹೋದರು.

ತನ್ನಕ್ಕನನ್ನು ನೋಡಿ ಎಷ್ಟು ವರ್ಷವಾಯಿತೆಂದು ದರ್ಜಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.