ಕಷಾಯ ಕುಡಿಸಿದ ಅತ್ತೆ

ಒಂದೂರಲ್ಲಿ ಒಬ್ಬಳು ಶ್ರೀಮಂತ ಅತ್ತೆ ಇದ್ದಳು. ಹೆಸರು ಬೇಡ, ಅವಳ ನೆಂಟರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿರಬಹುದು. ಮನೆಯಲ್ಲಿ ಎಲ್ಲವೂ ಇತ್ತು. ‘ನನಗೆ ಗೊತ್ತಿಲ್ಲ’ ಎನ್ನುವ ಅಭ್ಯಾಸ ಒಂದು ಇರಲಿಲ್ಲ.

ಅವಳ ಸೊಸೆಗೆ ಲೂಪಸ್ ಎಂಬ ಕಾಯಿಲೆ. ಕೀಲುನೋವು, ಕೆನ್ನೆಯ ಮೇಲೆ ಕೆಂಪು, ಬೆಳಗ್ಗೆ ಏಳುವಾಗಲೇ ಸುಸ್ತು. ಅತ್ತೆಗೆ ಪ್ರೀತಿ ಇರಲಿಲ್ಲವೇ? ಬೇಕಾದಷ್ಟು ಇತ್ತು. ಕಾಯಿಲೆ ಅಂದ ಮೇಲೆ ರೋಗನಿರೋಧಕ ಶಕ್ತಿ ಕಡಿಮೆಯಾಗಿದೆ ಎಂದು ತಾನೇ ತೀರ್ಮಾನಿಸಿ, ಅಮೃತಬಳ್ಳಿ, ಶುಂಠಿ, ಮೆಣಸು ಹಾಕಿ ದಿನಕ್ಕೆ ಮೂರು ಲೋಟ ಕಷಾಯ ಕುಡಿಸಿದಳು. ಆಮೇಲೆ ಡಾಕ್ಟರು ಕೊಟ್ಟ ಮಾತ್ರೆಯ ವಿಷಯ ವಿಚಾರಿಸಿದಳು. ನೋಡಿ, ಅದು ನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ. ಇದ್ದ ಶಕ್ತಿಯನ್ನೂ ಕಳೆಯುವವರು ಯಾವ ಸೀಮೆ ಡಾಕ್ಟರು ಎಂದು ರೇಗಿದಳು. ಮಾತ್ರೆ ಕಸದ ಬುಟ್ಟಿಗೆ ಹೋಯಿತು. ಸೊಸೆ ಬೇಡ ಎಂದಳು, ಎರಡು ಸಲ ಎಂದಳು. ಕೇಳಿಸಿಕೊಂಡವರು ಯಾರು?

ಕೆಲವು ವಾರಗಳಲ್ಲಿ ಸೊಸೆಯ ಪಾದ ಊದಿತು, ಮುಖ ಊದಿತು. ಮೈ ತುಂಬಿಕೊಂಡಿದೆ ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ಹಿಗ್ಗಿದಳು. ಸೊಸೆಗೆ ಉಸಿರು ಸಿಕ್ಕಿಕೊಂಡ ದಿನ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಬೈಯಲಿಲ್ಲ, ಕೂರಿಸಿ ಹೇಳಿದರು. “ಅಮ್ಮಾ, ಇವಳ ರಕ್ತದಲ್ಲಿರೋ ಕಾವಲು ಕಣಗಳಿಗೆ ಶಕ್ತಿ ಕಮ್ಮಿಯಾಗಿಲ್ಲ, ಅತಿಯಾಗಿದೆ. ವೈರಸ್ ಬಂದಾಗ ಏಳಬೇಕಾದ ಕೆಲವು ಜೀನ್‌ಗಳು ನಮ್ಮೆಲ್ಲರ ಕಣಗಳಲ್ಲೂ ಇವೆ. ಕೆಲಸ ಮುಗಿದ ಮೇಲೆ ಅವು ಸುಮ್ಮನಾಗ್ತವೆ. ಇವಳಲ್ಲಿ ಸುಮ್ಮನಾಗ್ತಾನೇ ಇಲ್ಲ. ವೈರಿ ಇಲ್ಲದಿದ್ರೂ ಕಣಗಳು ಯುದ್ಧ ಮಾಡ್ತಿವೆ, ಪೆಟ್ಟು ಇವಳ ಕಿಡ್ನಿಗೇ ಬೀಳ್ತಿದೆ, ಅದಕ್ಕೇ ಈ ಊತ. ಅವನ್ನ ತಣ್ಣಗೆ ಮಾಡೋಕೇ ಆ ಮಾತ್ರೆ ಕೊಟ್ಟಿದ್ದು.”

ಅತ್ತೆ ಸೊಸೆಯ ಊದಿದ ಪಾದದ ಕಡೆ ನೋಡಿದಳು. “ನಾನು ಇವಳನ್ನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ.”

“ಆ ಕಣಗಳೂ ಹಾಗೇ ಅಂದ್ಕೊಂಡಿವೆ, ಅಮ್ಮಾ.”

ಕಿಡ್ನಿ ಉಳಿಯಿತು, ಪೂರ್ತಿ ಅಲ್ಲ. ಅತ್ತೆ ಅತ್ತಳು. ನನಗೂ ಅವಳ ಮೇಲೆ ಸಿಟ್ಟಿಲ್ಲ, ಅಯ್ಯೋ ಅನ್ನಿಸುತ್ತದೆ.

ಆಗಲೇ ನಕ್ಕಿರಲ್ಲ, ಈಗ ಹೇಳಿ. ಹೋದ ವಾರ ಕಾಯಿಲೆಯವರನ್ನು ನೋಡಲು ಹೋಗಿ ಎಷ್ಟು ಔಷಧಿ ಹೇಳಿ ಬಂದಿರಿ? ‘ಇಂಗ್ಲಿಷ್ ಮಾತ್ರೆ ಬಿಟ್ಟುಬಿಡು’ ಎಂದು ಎಷ್ಟು ಜನಕ್ಕೆ ಹೇಳಿದಿರಿ? ನೀವು ಡಾಕ್ಟರೇ? ನಾನಂತೂ ಅಲ್ಲ, ಆದರೂ ಹೇಳಿದ್ದೇನೆ.

ಇನ್ನು ಹಾಗೆ ಮಾಡಬೇಡಿ. ಹಣ್ಣು ಕೊಡಿ, ಪಕ್ಕದಲ್ಲಿ ಕೂತುಕೊಳ್ಳಿ, ‘ನಿನಗೇನು ಬೇಕು’ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ. ಕಷಾಯ ಕಾಯಿಸುವುದಕ್ಕಿಂತ ಅದು ಕಷ್ಟ. ಆದರೂ ಮಾಡಿ.